ನೀಲಮಣಿಯ ನಾಮಾರ್ಥ ವಿಚಾರ



ವಸ್ತುವನ್ನು ಕೊಳ್ಳುವ ಮೊದಲು ಅದರ ಬೆಲೆಯನ್ನು ಕೇಳುವುದು ಲೋಕರೂಢಿ. ಬೆಲೆಯನ್ನು ಕೇಳುವ ಮೊದಲು ಅದರ ಹೆಸರಿನ ಅರ್ಥವನ್ನು ಕೇಳುವುದು ವಿವೇಕಿಗಳ ರೂಢಿ. ಹೆಸರೆಂಬುದು ವಸ್ತುವಿಗೆ ನಾವು ಕಟ್ಟಿದ ಚೀಟಿ. ಚೀಟಿಯನ್ನು ಒಬ್ಬನು ಬರೆದಿರುತ್ತಾನೆ, ಇನ್ನೊಬ್ಬನು ಅಂಟಿಸಿರುತ್ತಾನೆ, ಮೂರನೆಯವನು ಅದನ್ನು ಕಿತ್ತು ಬೇರೊಂದಕ್ಕೆ ಅಂಟಿಸಿರುತ್ತಾನೆ. ನಾಲ್ಕನೆಯವನಾದ ನಾವು ಚೀಟಿಯನ್ನು ಓದಿ ಹಿಗ್ಗುತ್ತೇವೆ, ಇಲ್ಲವೆ ಹೆದರುತ್ತೇವೆ. ಹೀಗೆ ಹೆಸರಿನಿಂದ ಹುಟ್ಟಿದ ಭಯವು ಎಷ್ಟು ಮನೆಗಳ ಅನ್ನವನ್ನು ತಿಂದಿದೆಯೆಂಬುದನ್ನು ನೆನೆದರೆ ಮನಸ್ಸು ಮರುಗುತ್ತದೆ.

ಬಸವಣ್ಣನವರು ನುಡಿಯ ಹಿರಿಮೆಯನ್ನು ಹೇಳುವಾಗ ಮುತ್ತು, ಮಾಣಿಕ್ಯ, ಸ್ಫಟಿಕಗಳನ್ನು ಹೋಲಿಕೆಗೆ ತಂದುಕೊಂಡರು. ಅವರು ರತ್ನಗಳನ್ನು ಹಳಿಯಲಿಲ್ಲ. ಅವುಗಳ ಕಾಂತಿಯನ್ನು ನುಡಿಯಲ್ಲಿ ಕಾಣಬಯಸಿದರು. ರತ್ನವು ಪೆಟ್ಟಿಗೆಯಲ್ಲಿದ್ದು ನುಡಿ ಮಸುಕಾಗಿದ್ದರೆ ಪ್ರಯೋಜನವೇನು? ಆದುದರಿಂದ ರತ್ನವಿಚಾರವು ಶರಣಮಾರ್ಗಕ್ಕೆ ಹೊರಗಿನದಲ್ಲ. ಇಂದು ಎಲ್ಲರ ಬಾಯಲ್ಲಿರುವ, ಹಲವರ ಬೆರಳಲ್ಲಿರುವ ನೀಲಮಣಿಯ ಹೆಸರು ಎಲ್ಲಿಂದ ಬಂದಿತು, ಅದರ ಅರ್ಥವೇನು, ಆ ಅರ್ಥದಿಂದ ನಾವು ಕಲಿಯತಕ್ಕದ್ದೇನು ಎಂಬುದನ್ನು ಕ್ರಮವಾಗಿ ವಿಚಾರಿಸೋಣ.

ಮೊದಲು 'ನೀಲ' ಎಂಬ ಶಬ್ದವನ್ನೇ ನೋಡೋಣ. ಸಂಸ್ಕೃತದಲ್ಲಿ ನೀಲವೆಂದರೆ ಇಂದು ನಾವು ಹೇಳುವ ನೀಲಿ ಬಣ್ಣವೊಂದೇ ಅಲ್ಲ. ಮಳೆಮೋಡದ ಕಪ್ಪು, ಕಾಡಿಗೆಯ ಕಪ್ಪು, ನವಿಲಿನ ಕೊರಳ ಕಾಂತಿ, ಕನ್ನೈದಿಲೆಯ ಬಣ್ಣ, ಇವೆಲ್ಲವೂ ನೀಲವೇ. ಕಪ್ಪಿಗೂ ನೀಲಿಗೂ ನಡುವೆ ಹರಡಿಕೊಂಡಿರುವ ಗಾಢವರ್ಣಗಳಿಗೆಲ್ಲ ಅದು ಸಾಮಾನ್ಯನಾಮ. ಬಟ್ಟೆಗೆ ಬಣ್ಣ ಕಟ್ಟುವ ಗಿಡಕ್ಕೆ 'ನೀಲೀ' ಎಂಬ ಹೆಸರು ಬಂದುದೂ ಈ ಮೂಲದಿಂದಲೇ. ಆ ಬಣ್ಣವು ನಮ್ಮ ನಾಡಿನಿಂದ ಹಡಗುಗಳಲ್ಲಿ ಪಶ್ಚಿಮಕ್ಕೆ ಹೋದಾಗ ಹೆಸರೂ ಅದರೊಡನೆ ಹೋಯಿತು. ಅರಬರು 'ಅನ್‌ನೀಲ್' ಎಂದರು; ಪೋರ್ತುಗೀಸರು 'ಅನಿಲ್' ಎಂದರು; ಈಗಿನ ರಸಾಯನಶಾಸ್ತ್ರದಲ್ಲಿ 'ಅನಿಲೀನ್' ಎಂಬ ದ್ರವ್ಯದ ಹೆಸರಿನೊಳಗೆ ನಮ್ಮ ನೀಲವೇ ಅಡಗಿ ಕುಳಿತಿದೆ. ಹೆಸರುಗಳು ಎಷ್ಟು ದೂರ ಪ್ರಯಾಣ ಮಾಡುತ್ತವೆ, ಪ್ರಯಾಣದಲ್ಲಿ ಎಷ್ಟು ವೇಷ ಹಾಕುತ್ತವೆ ಎಂಬುದಕ್ಕೆ ಇದು ಒಂದು ನಿದರ್ಶನ.

ಇನ್ನು 'ಇಂದ್ರನೀಲ'. ಇಂದ್ರನಿಗೆ ಪ್ರಿಯವಾದುದರಿಂದ ಈ ಹೆಸರು ಬಂದಿತೆಂದು ಕೆಲವರು ತಾವೇ ಊಹಿಸಿಕೊಂಡು ಹೇಳುವುದುಂಟು. ಆದರೆ ಗರುಡಪುರಾಣದ ರತ್ನಪರೀಕ್ಷಾ ಭಾಗದಲ್ಲಿ ಇದಕ್ಕೆ ಸ್ಪಷ್ಟವಾದ ನಿರುಕ್ತಿಯಿದೆ. ಯಾವ ನೀಲದ ಮಧ್ಯದಲ್ಲಿ ಇಂದ್ರಾಯುಧದ, ಎಂದರೆ ಕಾಮನಬಿಲ್ಲಿನ, ಪ್ರಭೆಯು ಹೊಳೆಯುವುದೋ ಅದು ಇಂದ್ರನೀಲ. ಅದು ಭೂಮಿಯಲ್ಲಿ ದುರ್ಲಭವಾದುದು. ಯಾವ ನೀಲದ ವರ್ಣವು ಎಷ್ಟು ಪುಷ್ಟವಾಗಿದೆಯೆಂದರೆ ತನಗಿಂತ ನೂರ್ಮಡಿ ಹಾಲಿನಲ್ಲಿಟ್ಟರೂ ಹಾಲನ್ನೆಲ್ಲ ನೀಲವಾಗಿ ಕಾಣಿಸುವುದೋ ಅದು ಮಹಾನೀಲ. ಹೀಗೆ ಹೆಸರು ಹುಟ್ಟಿದ್ದು ನೋಟದಿಂದ. ಕಲ್ಲನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ಕಣ್ಣಾರೆ ಕಂಡವನು ಇಟ್ಟ ಹೆಸರದು; ಭಯಪಟ್ಟವನು ಇಟ್ಟ ಹೆಸರಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಶಾಗಾರಕ್ಕೆ ತರಬೇಕಾದ ರತ್ನಗಳನ್ನು ಹೇಳುವಲ್ಲಿ ಇಂದ್ರನೀಲದ ಭೇದಗಳು ಬರುತ್ತವೆ. ಬಟಾಣಿಯ ಹೂವಿನ ಬಣ್ಣದ್ದು ಕಲಾಯಪುಷ್ಪಕ, ನೇರಳೆಯ ಹಣ್ಣಿನ ಬಣ್ಣದ್ದು ಜಂಬ್ವಾಭ, ಮುಗಿಲಿನ ಬಣ್ಣದ್ದು ಜೀಮೂತಪ್ರಭ. ನೋಡಿರಿ, ಅರಸನ ಬೊಕ್ಕಸದ ಕಲ್ಲಿಗೆ ಹೆಸರಿಡಲು ಹೊಲದ ಹೂವು, ಮರದ ಹಣ್ಣು, ಆಕಾಶದ ಮೋಡಗಳೇ ಬೇಕಾದವು. ಬೆಲೆಯುಳ್ಳದ್ದನ್ನು ಹೇಳಲು ಬೆಲೆಯಿಲ್ಲದೆ ದೊರೆಯುವುದನ್ನೇ ನೆನೆಯಬೇಕಾಯಿತು. ನೇರಳೆಯ ಹಣ್ಣನ್ನು ಆರಿಸಿ ತಿನ್ನುವ ಮಗುವಿನ ಅಂಗೈಯಲ್ಲಿರುವ ಬಣ್ಣವೇ ಚಕ್ರವರ್ತಿಯ ಕಿರೀಟದಲ್ಲಿಯೂ ಇದೆ.

ಗರುಡಪುರಾಣವು ರತ್ನಗಳ ಉತ್ಪತ್ತಿಗೆ ಒಂದು ಕಥೆಯನ್ನೂ ಹೇಳುತ್ತದೆ. ಬಲನೆಂಬ ಅಸುರನು ದೇವತೆಗಳನ್ನು ಜಯಿಸಿದನು. ಅವನನ್ನು ಗೆಲ್ಲಲಾರದ ದೇವತೆಗಳು ಯಾಚಕರಾಗಿ ಬಂದು, ತಮ್ಮ ಯಜ್ಞಕ್ಕೆ ನೀನೇ ಪಶುವಾಗಬೇಕೆಂದು ಬೇಡಿದರು. ಅವನು ಕೊಟ್ಟ ಮಾತಿಗೆ ಕಟ್ಟುಬಿದ್ದು ದೇಹವನ್ನೇ ಒಪ್ಪಿಸಿದನು. ಆ ಸತ್ಕರ್ಮದಿಂದ ಶುದ್ಧವಾದ ಅವನ ಅವಯವಗಳೇ ರತ್ನಗಳ ಬೀಜಗಳಾದವು. ಅವನ ಕಣ್ಣುಗಳು ಸಿಂಹಳದ್ವೀಪದಲ್ಲಿ ಬಿದ್ದು ಇಂದ್ರನೀಲದ ಗಣಿಗಳಾದವು. ಇಂದಿಗೂ ಸಿಂಹಳವು ಈ ಕಲ್ಲಿಗೆ ಪ್ರಸಿದ್ಧವಾದ ನಾಡೇ ಆಗಿದೆ. ಕಥೆಯ ತಾತ್ಪರ್ಯವೇನು? ಹುಟ್ಟಿನಿಂದ ಅಸುರನಾದರೂ ಮಾತಿಗೆ ತಪ್ಪದವನ ಕಣ್ಣು ರತ್ನವಾಯಿತು. ಕುಲವು ರತ್ನವಾಗಲಿಲ್ಲ, ನಡೆ ರತ್ನವಾಯಿತು. ಈ ಮಾತನ್ನು ನಮ್ಮ ಶರಣರ ಮಕ್ಕಳಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಈಗ ಪಶ್ಚಿಮದ ಹೆಸರಿಗೆ ಬರೋಣ. ಇಂಗ್ಲಿಷರು ಈ ಕಲ್ಲನ್ನು 'ಸಫೈರ್' ಎನ್ನುತ್ತಾರೆ. ಅದು ಲ್ಯಾಟಿನ್ನಿನ 'ಸಫೀರುಸ್', ಅದಕ್ಕೂ ಹಿಂದೆ ಗ್ರೀಕರ 'ಸಪ್ಫೈರೋಸ್', ಅದಕ್ಕೆ ಸಮಾನವಾಗಿ ಯೆಹೂದ್ಯರ ಹೀಬ್ರೂ ಭಾಷೆಯಲ್ಲಿ 'ಸಪ್ಪೀರ್'. ಯೆಹೂದ್ಯರ ಧರ್ಮಗ್ರಂಥದ ವಿಮೋಚನಕಾಂಡದಲ್ಲಿ ದೇವರ ಪಾದಗಳ ಕೆಳಗೆ ಸಪ್ಪೀರಿನ ನೆಲಗಟ್ಟು ಇದ್ದಂತೆ ಕಂಡಿತೆಂಬ ವರ್ಣನೆಯಿದೆ. ಮಹಾಯಾಜಕನ ಎದೆಪದಕದ ಎರಡನೆಯ ಸಾಲಿನಲ್ಲಿಯೂ ಅದೇ ಕಲ್ಲು ಇದೆ. ಆದರೆ ಇಲ್ಲಿಯೇ ಒಂದು ವಿಸ್ಮಯವಡಗಿದೆ. ಕ್ರಿ.ಪೂ. 4ನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಲುಗಳನ್ನು ಕುರಿತು ಗ್ರಂಥವನ್ನು ಬರೆದ ಥಿಯೋಫ್ರಾಸ್ಟಸನು ಸಪ್ಫೈರೋಸಿನ ಮೇಲೆ ಚಿನ್ನದ ಚುಕ್ಕೆಗಳಿರುತ್ತವೆಯೆಂದು ಹೇಳುತ್ತಾನೆ. ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮಿನ ಪ್ಲಿನಿಯೂ ಚಿನ್ನದ ಕಣಗಳ ಮಾತನ್ನೇ ಹೇಳುತ್ತಾನೆ. ನಮ್ಮ ಇಂದ್ರನೀಲದಲ್ಲಿ ಚಿನ್ನದ ಚುಕ್ಕೆಗಳಿಲ್ಲ! ಅವಿರುವುದು ರಾಜಾವರ್ತವೆಂಬ ಬೇರೊಂದು ಕಲ್ಲಿನಲ್ಲಿ. ಆ ಚುಕ್ಕೆಗಳೂ ನಿಜವಾದ ಚಿನ್ನವಲ್ಲ. ಕಬ್ಬಿಣ ಮತ್ತು ಗಂಧಕ ಸೇರಿ ಆದ ಒಂದು ಖನಿಜದ ಹೊಳಪು.

ರಾಜಾವರ್ತವು ಪಾರದರ್ಶಕವಲ್ಲದ, ಗಾಢನೀಲಿಯ, ಇಂದ್ರನೀಲಕ್ಕಿಂತ ಬಹಳ ಮೆತುವಾದ ಕಲ್ಲು. ಅಫ್ಘಾನಿಸ್ತಾನದ ಬದಖ್‌ಶಾನಿನಲ್ಲಿ, ಕೋಕ್‌ಚಾ ನದಿಯ ಕಣಿವೆಯ ಗಣಿಗಳಲ್ಲಿ, ಅದನ್ನು ಸಾವಿರಾರು ವರ್ಷಗಳಿಂದ ತೆಗೆಯುತ್ತಿದ್ದಾರೆ. ಸಿಂಧೂ ನಾಗರಿಕತೆಯ ಜನರು ಅದನ್ನು ಬಳಸಿದರು. ಮೆಸೊಪೊಟೇಮಿಯದ ಉರ್ ಪಟ್ಟಣದ ರಾಜಸಮಾಧಿಗಳಲ್ಲಿ ಅದು ಹೇರಳವಾಗಿ ದೊರೆಯಿತು. ಪಾರಸಿಕರು ಅದನ್ನು 'ಲಾಜವರ್ದ್' ಎಂದರು. ಅದೇ ಶಬ್ದವು ಲ್ಯಾಟಿನ್ನಿಗೆ ಹೋಗಿ 'ಲ್ಯಾಪಿಸ್ ಲಾಜುಲಿ' ಎಂಬ ಹೆಸರಾಯಿತು. ಆಕಾಶನೀಲಿಗೆ ಇಂಗ್ಲಿಷರು ಹೇಳುವ 'ಅಜೂರ್' ಎಂಬುದೂ ಅದರ ಸಂತಾನವೇ. ಅಲ್ಲಿ ಮೊದಲಿನ 'ಲ' ಕಾರವು ದಾರಿಯಲ್ಲಿ ಕಳಚಿಬಿತ್ತು.

ಹಾಗಾದರೆ ಆದುದೇನು? ಪ್ರಾಚೀನರು ರಾಜಾವರ್ತವನ್ನು ಸಪ್ಫೈರೋಸ್ ಎಂದು ಕರೆದರು. ಕಾಲಾಂತರದಲ್ಲಿ ರಾಜಾವರ್ತಕ್ಕೆ ಲಾಜುಲಿ ಎಂಬ ಹೊಸ ಹೆಸರು ಬಂದಿತು. ಹಳೆಯ ಹೆಸರು ತೆರವಾಗಿ ಪೂರ್ವದೇಶದಿಂದ ಬಂದ ಪಾರದರ್ಶಕವಾದ ನೀಲಕ್ಕೆ ಅಂಟಿಕೊಂಡಿತು. ಇಂದು ಸಫೈರ್ ಎಂದು ಹೇಳುವವನು, ತಿಳಿಯದೆಯೇ, ಇನ್ನೊಂದು ಕಲ್ಲಿನ ಚೀಟಿಯನ್ನು ಇದರ ಮೇಲೆ ಓದುತ್ತಿದ್ದಾನೆ. ಹಳೆಯ ಗ್ರಂಥದಲ್ಲಿ ಸಪ್ಪೀರಿಗೆ ಇಂತಿಂತಹ ಮಹಿಮೆಯಿದೆಯೆಂದು ತೋರಿಸಿ ಇಂದಿನ ನೀಲವನ್ನು ಮಾರುವವನು ಒಬ್ಬನ ಜಾತಕವನ್ನು ಮತ್ತೊಬ್ಬನಿಗೆ ಓದಿ ಹೇಳಿದಂತಾಯಿತು.

ಅದಂತಿರಲಿ. ಇನ್ನೊಂದು ವಾದವಿದೆ; ನಮಗೆ ಮುಖ್ಯವಾದುದು ಅದೇ. ಸಪ್ಪೀರ್ ಎಂಬುದು ಸಂಸ್ಕೃತದ 'ಶನಿಪ್ರಿಯ' ಎಂಬ ಶಬ್ದದಿಂದ ಹುಟ್ಟಿತೆಂದು ಕೆಲವು ಪಾಶ್ಚಾತ್ಯ ಶಬ್ದಶಾಸ್ತ್ರಜ್ಞರು ಸೂಚಿಸಿದರು. ಶನಿಪ್ರಿಯವೆಂಬ ಪದವು ಸಂಸ್ಕೃತ ನಿಘಂಟುಗಳಲ್ಲಿ ಗಾಢವರ್ಣದ ಮಣಿಯ ಅರ್ಥದಲ್ಲಿ ಇರುವುದೇನೋ ನಿಜ. ಈ ಸೂಚನೆಯನ್ನು ಹಿಡಿದುಕೊಂಡು, ನೋಡಿರಿ, ಲೋಕವೆಲ್ಲ ಈ ಕಲ್ಲನ್ನು ಶನಿಯ ಹೆಸರಿನಿಂದಲೇ ಕರೆಯುತ್ತದೆ, ಆದುದರಿಂದ ಶನಿಶಾಂತಿಗೆ ಇದು ಸಿದ್ಧೌಷಧ ಎಂದು ಹೇಳುವವರು ಹೆಚ್ಚಾಗಿದ್ದಾರೆ. ಈ ವಾದವು ನಿಲ್ಲುವುದೇ ಎಂಬುದನ್ನು ಪಕ್ಷಪಾತವಿಲ್ಲದೆ ನೋಡೋಣ.

ಮೊದಲನೆಯದಾಗಿ, ಸಪ್ಪೀರ್ ಎಂಬ ಹೆಸರು ಆದಿಯಲ್ಲಿ ರಾಜಾವರ್ತದ್ದು, ನೀಲದ್ದಲ್ಲ. ಆದುದರಿಂದ ನೀಲಕ್ಕೂ ಶನಿಗೂ ಇರುವ ನಂಟನ್ನು ಆ ಹೆಸರಿನಿಂದ ಸಾಧಿಸಲಾಗದು. ಎರಡನೆಯದಾಗಿ, ರಾಶಿ, ಹೋರೆ ಮುಂತಾದ ಕ್ರಮದಿಂದ ಗ್ರಹಫಲವನ್ನು ಹೇಳುವ ಪದ್ಧತಿಯು ಯವನರ, ಎಂದರೆ ಗ್ರೀಕರ, ಸಂಪರ್ಕದಿಂದ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ನಮ್ಮಲ್ಲಿ ಬೇರೂರಿತೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಸಪ್ಪೀರ್, ಸಪ್ಫೈರೋಸ್ ಎಂಬ ಮಾತುಗಳಾದರೋ ಅದಕ್ಕಿಂತ ಬಹಳ ಹಿಂದಿನವು. ಮೊಮ್ಮಗನು ಅಜ್ಜನನ್ನು ಹೆತ್ತನೆಂದು ಹೇಳಲು ಬರುವುದೇ? ಮೂರನೆಯದಾಗಿ, ನಮ್ಮ ಜ್ಯೋತಿಷಾಚಾರ್ಯನಾದ ವರಾಹಮಿಹಿರನನ್ನೇ ಕೇಳೋಣ. ಕ್ರಿ.ಶ. 6ನೆಯ ಶತಮಾನದ ಆತನು ಬೃಹಜ್ಜಾತಕದಲ್ಲಿ ಗ್ರಹಗಳಿಗೆ ದ್ರವ್ಯಗಳನ್ನು ಹಂಚುವಾಗ ಶನಿಗೆ ಹೇಳಿದ್ದು ಕಬ್ಬಿಣ. ಮುತ್ತನ್ನು ಹೇಳಿದ್ದು ಶುಕ್ರನಿಗೆ. ಇಂದು ಮುತ್ತು ಚಂದ್ರನದೆಂದೂ ನೀಲವು ಶನಿಯದೆಂದೂ ಹೇಳುವ ನವರತ್ನ-ನವಗ್ರಹಗಳ ಜೋಡಣೆಯು ಅವನಿಗಿಂತ ಈಚಿನ ಗ್ರಂಥಗಳದು. ಬೃಹತ್ಸಂಹಿತೆಯಲ್ಲಿ ಅವನು ರತ್ನಗಳ ಪಟ್ಟಿಯಲ್ಲಿ ಇಂದ್ರನೀಲವನ್ನು ಹೆಸರಿಸುತ್ತಾನೆ. ಆದರೆ ಪ್ರತ್ಯೇಕವಾಗಿ ಪರೀಕ್ಷೆಯನ್ನು ಹೇಳುವುದು ವಜ್ರ, ಮುತ್ತು, ಪದ್ಮರಾಗ, ಮರಕತಗಳಿಗೆ ಮಾತ್ರ. ನೀಲವಿಲ್ಲದೆ ಸಾಡೇಸಾತಿ ಕಳೆಯದೆಂಬುದು ಅಷ್ಟು ದೊಡ್ಡ ಸತ್ಯವಾಗಿದ್ದರೆ ಅದನ್ನು ಹೇಳದೆ ಬಿಡುವನೇ?

ಶನಿ ಎಂಬ ಹೆಸರನ್ನೂ ಒಮ್ಮೆ ಬಿಡಿಸಿ ನೋಡಬೇಕು. ಶನೈಃ ಎಂದರೆ ಮೆಲ್ಲನೆ. ಮೆಲ್ಲನೆ ಚರಿಸುವವನು ಶನೈಶ್ಚರ. ಆಕಾಶವನ್ನು ರಾತ್ರಿಗಳಗಟ್ಟಲೆ ನೋಡಿದ ಪೂರ್ವಿಕರು, ಬರಿಗಣ್ಣಿಗೆ ಕಾಣುವ ಗ್ರಹಗಳಲ್ಲಿ ಇದು ಎಲ್ಲಕ್ಕಿಂತ ನಿಧಾನವಾಗಿ ಸರಿಯುವುದನ್ನು ಕಂಡು ಇಟ್ಟ ಹೆಸರದು. ಈ ಹೆಸರಿನಲ್ಲಿ ಕ್ರೌರ್ಯವಿಲ್ಲ, ಮಾಂದ್ಯವಿದೆ. ಸೂರ್ಯನನ್ನು ಒಮ್ಮೆ ಸುತ್ತಲು ಅದಕ್ಕೆ ಸುಮಾರು 29½ ವರ್ಷ ಬೇಕು. ಹನ್ನೆರಡು ರಾಶಿಗಳಿಗೆ ಹಂಚಿದರೆ ಒಂದೊಂದು ರಾಶಿಗೆ ಹೆಚ್ಚುಕಡಿಮೆ ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಎಂಬ ಮೂರು ರಾಶಿಗಳಿಗೆ ಏಳೂವರೆ ವರ್ಷ. ಇದೇ ಸಾಡೇಸಾತಿ. ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಿರಿ. ಯಾವ ದಿನ ನೋಡಿದರೂ ಹನ್ನೆರಡು ರಾಶಿಗಳಲ್ಲಿ ಮೂರು ರಾಶಿಯವರು ಸಾಡೇಸಾತಿಯಲ್ಲಿಯೇ ಇರುತ್ತಾರೆ. ಎಂದರೆ ಹೆಚ್ಚುಕಡಿಮೆ ಮನುಷ್ಯರಲ್ಲಿ ಕಾಲುಭಾಗದಷ್ಟು ಜನ! ಅವರೊಳಗೆ ಮಗುವನ್ನು ಹೆತ್ತು ನಗುವ ತಾಯಿಯೂ ಇದ್ದಾಳೆ, ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗನೂ ಇದ್ದಾನೆ, ನಷ್ಟಪಟ್ಟ ವ್ಯಾಪಾರಿಯೂ ಇದ್ದಾನೆ. ಉಳಿದ ಮುಕ್ಕಾಲುಭಾಗದಲ್ಲಿಯೂ ಹಾಗೆಯೇ ಇದ್ದಾರೆ. ಗ್ರಹಗಣಿತವು ಮಹಾಶಾಸ್ತ್ರ, ಅದನ್ನು ನಾನು ಹಳಿಯಲಾರೆ. ಆದರೆ ಗಣಿತವನ್ನು ಭಯಕ್ಕೆ ತೊತ್ತಾಗಿ ಮಾಡುವುದು ಆ ಶಾಸ್ತ್ರಕ್ಕೇ ಮಾಡುವ ಅಪಚಾರ.

ಈ ವಿಚಾರವು ಬರಿಯ ಶಬ್ದಪಾಂಡಿತ್ಯಕ್ಕಾಗಿ ಅಲ್ಲವೆಂಬುದಕ್ಕೆ ಕಂಡ ಸಂಗತಿಯೊಂದನ್ನು ಹೇಳುತ್ತೇನೆ. ನೇಕಾರಿಕೆಯ ಕಾಯಕದ ಒಬ್ಬ ಭಕ್ತರು ತಮ್ಮ ಪತ್ನಿಯೊಡನೆ ಪಾಠಶಾಲೆಗೆ ಬಂದಿದ್ದರು. ಎರಡು ವರ್ಷಗಳಿಂದ ಮಗ್ಗದಲ್ಲಿ ನಷ್ಟ. ನೂಲಿನ ಸಾಲ ತಲೆಯ ಮೇಲೆ. ಯಾರೋ ಜಾತಕವನ್ನು ನೋಡಿ, ಸಾಡೇಸಾತಿ ನಡೆದಿದೆ, ಐದು ರತ್ತಿಯ ಕಳಂಕವಿಲ್ಲದ ನೀಲವನ್ನು ಧರಿಸದಿದ್ದರೆ ಮನೆ ಉಳಿಯದು ಎಂದಿದ್ದರಂತೆ. ಮನೆಯಲ್ಲಿದ್ದುದು ಮಗಳ ಓದಿಗೆಂದು ಕೂಡಿಟ್ಟ ಹಣವೊಂದೇ.

"ಗುರುಗಳೇ, ನೀವು ಸಂಸ್ಕೃತ ಓದಿದೋರು. ನೀಲದ ಹೆಸರೇ ಶನಿಪ್ರಿಯ ಅಂತಾರ. ಇದು ಖರೇ ಏನ್ರಿ?" ಎಂದು ಅವರು ಕೇಳಿದರು.

ಮೇಲೆ ಹೇಳಿದುದನ್ನೆಲ್ಲ ಅವರಿಗೆ ತಿಳಿಯುವಂತೆ ಹೇಳಿದೆನು. ಅವರು ಕೇಳಿ, ನಿಟ್ಟುಸಿರುಬಿಟ್ಟು, "ಹೆಸರು ಹೆಂಗರ ಬಂದಿರ್ಲಿ. ಅಂಜಿಕಿ ಹೋಗವಲ್ದು. ಹಾಕ್ಕೊಳ್ಳದೆ ಏನರ ಆದ್ರ?" ಎಂದರು.

ಆಗ ಅದುವರೆಗೆ ಸುಮ್ಮನೆ ಕುಳಿತಿದ್ದ ಆ ತಾಯಿ ಸೆರಗನ್ನು ಸರಿಪಡಿಸಿಕೊಂಡು ಹೇಳಿದರು: "ಉಂಗುರ ಹಾಕ್ಕೊಂಡ ಬೆರಳಿಗೂ ಲಾಳಿ ಎಸಿಯೂದು ತಪ್ಪೂದಿಲ್ಲಲ್ರಿ. ಎದಿಮ್ಯಾಲಿನ ಲಿಂಗ ಕಾಯಲಿಲ್ಲ ಅಂದ್ರ ಬೆರಳಿನ ಕಲ್ಲು ಕಾಯ್ತೈತೇನ್ರಿ? ಹುಡುಗಿ ಕಣ್ಣಾಗ ನೀರು ತರಿಸಿ ಯಾವ ಶನಿನ್ನ ಶಾಂತ ಮಾಡೂದು?"

ಬಂಧುಗಳೇ, ನಾನು ಅರ್ಧ ಗಂಟೆ ನಿರುಕ್ತಿಯನ್ನು ಹೇಳಿದುದು ಆ ಮಾತಿನ ಮುಂದೆ ವ್ಯಾಖ್ಯಾನವಾಯಿತು. ಆಕೆಯ ಮಾತೇ ಮೂಲವಾಯಿತು. ಆ ದಂಪತಿಗಳು ಹಣವನ್ನು ಮುಟ್ಟಲಿಲ್ಲ. ಅವರ ಕಷ್ಟವೆಲ್ಲ ಅಂದೇ ತೀರಿತೆಂದು ಹೇಳಲಾರೆ. ಎರಡು ಮಗ್ಗಗಳಲ್ಲಿ ಒಂದನ್ನು ಮಾರಬೇಕಾಯಿತು. ಆದರೆ ಮಗಳು ಓದನ್ನು ಬಿಡಲಿಲ್ಲ. ಭಕ್ತಿಯು ಕಷ್ಟವನ್ನು ಕಳೆಯುವ ತಾಯಿತವಲ್ಲ. ಕಷ್ಟದಲ್ಲಿ ಮನೆಯ ಒಬ್ಬರ ಅನ್ನವನ್ನು ಮತ್ತೊಬ್ಬರ ಭಯಕ್ಕೆ ಬಲಿಕೊಡದಂತೆ ಕಾಯುವ ಬಲ.

ಬಸವಣ್ಣನವರು ಮುಹೂರ್ತವನ್ನು ಕೇಳುವವರಿಗೆ ಹೇಳಿದ ವಚನವು ಎಲ್ಲರಿಗೂ ತಿಳಿದದ್ದೇ. ತಮ್ಮವರು ಬಂದು ಕೇಳಿದರೆ ಎಲ್ಲವೂ ಶುಭವೆಂದೇ ಹೇಳಿಬಿಡಿರೆಂದು ಅವರು ಜೋಯಿಸರಿಗೆ ಬಿನ್ನವಿಸುತ್ತಾರೆ. ಅದರಲ್ಲಿ ನಿಂದೆಯಿಲ್ಲ, ಜಗಳವಿಲ್ಲ. ಭಕ್ತನ ಮನಸ್ಸಿನಲ್ಲಿ ಅಳುಕನ್ನು ಬಿತ್ತಬೇಡಿರೆಂಬ ಕಳಕಳಿಯಿದೆ. ಲಿಂಗವನ್ನು ನಂಬಿದವನಿಗೆ ಕಾಲವೂ ಶಿವನದೇ, ಗ್ರಹವೂ ಶಿವನದೇ. ಒಡೆಯನ ಮನೆಯೊಳಗೆ ಕುಳಿತು ಬಾಗಿಲು ಕಾಯುವವನಿಗೆ ಲಂಚ ಕೊಡುವರೇ?

ಇನ್ನು ಈ ಕಲ್ಲಿನ ದ್ರವ್ಯವನ್ನು ನೋಡೋಣ. ಗರುಡಪುರಾಣವು ಪದ್ಮರಾಗವನ್ನು ಪರೀಕ್ಷಿಸುವ ಕ್ರಮವೇ ಇಂದ್ರನೀಲಕ್ಕೂ ಸಲ್ಲುತ್ತದೆಂದು ಹೇಳಿ, ಇವೆರಡನ್ನೂ ಜೊತೆಯಾಗಿ ಕಂಡಿತು. ಇಂದಿನ ವಿಜ್ಞಾನವೂ ಅದನ್ನೇ ಹೇಳುತ್ತದೆ. ಎರಡೂ ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿ ಆದ ಒಂದೇ ಖನಿಜ. ಅತ್ಯಲ್ಪ ಕ್ರೋಮಿಯಂ ಸೇರಿದರೆ ಕೆಂಪಾಗಿ ಮಾಣಿಕ್ಯವೆನಿಸುತ್ತದೆ. ಅತ್ಯಲ್ಪ ಕಬ್ಬಿಣ ಮತ್ತು ಟೈಟೇನಿಯಂ ಸೇರಿದರೆ ನೀಲವೆನಿಸುತ್ತದೆ. ಈ ಬೆರಕೆಯು ನೂರರಲ್ಲಿ ಒಂದಂಶದಷ್ಟೂ ಇರುವುದಿಲ್ಲ. ಯಾವ ಬೆರಕೆಯೂ ಇಲ್ಲದಿದ್ದರೆ ಕಲ್ಲು ಬಣ್ಣವಿಲ್ಲದೆ ನಿರ್ಮಲವಾಗಿರುತ್ತದೆ. ಮಾಣಿಕ್ಯವು ಸೂರ್ಯನದು, ನೀಲವು ಶನಿಯದು, ಅವೆರಡಕ್ಕೂ ಬದ್ಧವೈರ, ಒಂದೇ ಕೈಯಲ್ಲಿ ಧರಿಸಬಾರದು ಎಂದು ಹೇಳುವುದನ್ನು ಕೇಳಿದ್ದೇವೆ. ಭೂಗರ್ಭದಲ್ಲಿ ಅವು ಒಡಹುಟ್ಟಿದವು! ವೈರವು ನಾವು ಹೊರಿಸಿದ್ದು.

ಈ ಖನಿಜಕ್ಕೆ ಪಾಶ್ಚಾತ್ಯರು ಇಟ್ಟಿರುವ 'ಕೊರಂಡಮ್' ಎಂಬ ಹೆಸರಾದರೂ ಎಲ್ಲಿಯದು? ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದ, ನಮ್ಮ ಕನ್ನಡದ ಕುರಂದ. ನಮ್ಮ ಮೈಸೂರು ಸೀಮೆಯ ನೆಲದಲ್ಲಿಯೂ ದೊರೆಯುವ ಕುರಂದದ ಕಲ್ಲು ಇದೇ. ವಜ್ರವನ್ನು ಬಿಟ್ಟರೆ ನಿಸರ್ಗದಲ್ಲಿ ದೊರೆಯುವ ಪ್ರಸಿದ್ಧ ರತ್ನಗಳಲ್ಲಿ ಇದಕ್ಕಿಂತ ಕಠಿಣವಾದುದಿಲ್ಲ. ಕಾಠಿಣ್ಯದ ಮಾನದಲ್ಲಿ ವಜ್ರಕ್ಕೆ 10, ಇದಕ್ಕೆ 9. ಆದುದರಿಂದಲೇ ನಮ್ಮ ಕುಶಲಕರ್ಮಿಗಳು ಕುರಂದವನ್ನು ಪುಡಿಮಾಡಿ, ಅರಗಿನಲ್ಲಿ ಕಲಸಿ, ಸಾಣೆಯ ಚಕ್ರವನ್ನು ಮಾಡಿಕೊಂಡರು. ಕತ್ತಿ ಕುಡುಗೋಲುಗಳು ಹರಿತವಾದುದು, ರತ್ನಗಳು ಹೊಳಪನ್ನು ಪಡೆದುದು ಆ ಸಾಣೆಯಿಂದ. ಇಲ್ಲಿ ನಿಲ್ಲಿಸಿ ಯೋಚಿಸಿರಿ. ಬೆರಳಿನ ಉಂಗುರದಲ್ಲಿ ಕುಳಿತ ನೀಲವೂ ಸಾಣೆಯವನ ಚಕ್ರದಲ್ಲಿ ಸವೆಯುವ ಕುರಂದವೂ ಒಂದೇ ದ್ರವ್ಯ. ಒಂದು ಕುಳಿತು ಮೆರೆಯುತ್ತದೆ. ಇನ್ನೊಂದು ಸವೆದು ಇತರರನ್ನು ಹರಿತಗೊಳಿಸುತ್ತದೆ. ಇವುಗಳಲ್ಲಿ ಕಾಯಕಜೀವಿಯಾದುದು ಯಾವುದು? ಶರಣರ ಸಭೆಯಲ್ಲಿ ಯಾವುದಕ್ಕೆ ಪೀಠ ಸಿಕ್ಕೀತು? ಉತ್ತರವನ್ನು ನೀವೇ ಬಲ್ಲಿರಿ.

1902ರಲ್ಲಿ ಫ್ರಾನ್ಸಿನ ವರ್ನೋಯ್ ಎಂಬ ವಿಜ್ಞಾನಿಯು ಮಾಣಿಕ್ಯವನ್ನು ಜ್ವಾಲೆಯಲ್ಲಿ ಕರಗಿಸಿ ಬೆಳೆಸುವ ಕ್ರಮವನ್ನು ಪ್ರಕಟಿಸಿದನು. ಕೆಲವೇ ವರ್ಷಗಳಲ್ಲಿ ನೀಲವೂ ಹಾಗೆ ತಯಾರಾಯಿತು. ಅದು ಗಾಜಿನ ನಕಲಿಯಲ್ಲ. ದ್ರವ್ಯದಿಂದ ನಿಜವಾದ ಕುರಂದವೇ. ಇಂದು ಬೆಲೆಯುಳ್ಳ ಕೈಗಡಿಯಾರಗಳ ಮೇಲಿನ ಗಾಜೆಂದು ನಾವು ತಿಳಿಯುವುದು ಬಹುಮಟ್ಟಿಗೆ ಇಂತಹ ಬಣ್ಣವಿಲ್ಲದ ಕಲ್ಲೇ. ಗಣಿಯ ನೀಲಗಳಲ್ಲಿಯೂ ಅನೇಕವನ್ನು ಬಣ್ಣವೇರಿಸಲು ಬೆಂಕಿಯಲ್ಲಿ ಕಾಯಿಸಿರುತ್ತಾರೆ. ಗುಣವನ್ನು ಹೆಚ್ಚಿಸುವ ಆಸೆಯಿಂದ ಮಣಿಯನ್ನು ಎಂದಿಗೂ ಬೆಂಕಿಯಲ್ಲಿ ಇಡಬಾರದೆಂದು ಗರುಡಪುರಾಣವು ಎಚ್ಚರಿಸಿದೆ. ಪುರಾಣದ ಹೆಸರಿನಲ್ಲಿ ಕಲ್ಲನ್ನು ಮಾರುವವರು ಪುರಾಣದ ಈ ಮಾತನ್ನು ಗಿರಾಕಿಗೆ ಓದಿ ತೋರಿಸುವರೇ?

ಕಾಶ್ಮೀರದ ನೀಲವು ಲೋಕಪ್ರಸಿದ್ಧ. 1881ರ ಸುಮಾರಿಗೆ ಅಲ್ಲಿಯ ಪಾಡರ್ ಎಂಬ ಎತ್ತರದ ಪ್ರದೇಶದಲ್ಲಿ ಗುಡ್ಡ ಕುಸಿದು ಆ ಕಲ್ಲುಗಳು ಹೊರಬಿದ್ದವು. ಕಾಶ್ಮೀರವೆಂದೊಡನೆ ನಮ್ಮ ಮನಸ್ಸಿಗೆ ಬರಬೇಕಾದ ರತ್ನವು ಬೇರೊಂದಿದೆ. ಹನ್ನೆರಡನೆಯ ಶತಮಾನದಲ್ಲಿ ಆ ನಾಡಿನ ಅರಸರಾದ ಮಹಾದೇವ ಭೂಪಾಲರು ಸಿಂಹಾಸನವನ್ನು ತ್ಯಜಿಸಿ, ರಾಣಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆಯನ್ನು ಹೊತ್ತು ಮಾರುವ ಕಾಯಕವನ್ನು ಕೈಕೊಂಡರೆಂಬುದು ನಮ್ಮ ಪರಂಪರೆಯ ಐತಿಹ್ಯ. ಅವರೇ ಮೋಳಿಗೆಯ ಮಾರಯ್ಯನವರು. ಅವರ ಬಡತನಕ್ಕೆ ಮರುಗಿ ಬಸವಣ್ಣನವರು ಹೊನ್ನನ್ನು ಇಟ್ಟು ಬಂದಾಗ, ಅದು ತಮ್ಮ ಕಾಯಕದಿಂದ ಬಂದುದಲ್ಲವೆಂದು ಮಾರಯ್ಯನವರು ಅದನ್ನು ಜಂಗಮರಿಗೆ ಸಲ್ಲಿಸಿಬಿಟ್ಟರಂತೆ. ಕಿರೀಟವಿದ್ದ ತಲೆಯ ಮೇಲೆ ಸೌದೆಯ ಹೊರೆ! ಇದನ್ನು ಜೋಯಿಸರು ನೋಡಿದರೆ ಎಂತಹ ಗ್ರಹಚಾರವೆನ್ನುವರೋ. ಶರಣರು ಇದನ್ನು ಶಿವನ ಕಾರುಣ್ಯವೆಂದರು.

ಅವರ ವಚನಗಳ ಅಂಕಿತವನ್ನು ಸ್ಮರಿಸಿರಿ: ನಿಃಕಳಂಕ ಮಲ್ಲಿಕಾರ್ಜುನ. ರತ್ನಶಾಸ್ತ್ರಜ್ಞರು ನೀಲದಲ್ಲಿ ಮಣ್ಣಿನ ಕಣ, ಬಿರುಕು, ಅಭ್ರಕದಂತಹ ಪೊರೆ ಮುಂತಾದ ದೋಷಗಳನ್ನು ಎಣಿಸುತ್ತಾರೆ. ನಿಸರ್ಗದ ಕಲ್ಲಿನಲ್ಲಿ ಏನಾದರೊಂದು ಕಳಂಕವಿರುವುದೇ ಹೆಚ್ಚು. ನಿಃಕಳಂಕವಾದುದನ್ನು ಕಲ್ಲಿನಲ್ಲಿ ಹುಡುಕಿದವನು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾನೆ. ಮಾರಯ್ಯನವರು ಅದನ್ನು ಲಿಂಗದಲ್ಲಿ ಕಂಡರು. ಕಂಡ ಮೇಲೆ ಎಲ್ಲಿಗೂ ಅಲೆಯಲಿಲ್ಲ.

ಹಾಗಾದರೆ ನೀಲವರ್ಣವನ್ನೇ ನಾವು ದೂರವಿಡಬೇಕೇ? ಸರ್ವಥಾ ಇಲ್ಲ. ಅಕ್ಕಮಹಾದೇವಿಯವರು ಶಿವನನ್ನು ಎಂದು ಕೂಡಿಯೇನೆಂಬ ಹಂಬಲವನ್ನು ಹೇಳುವಾಗ ಇಂದ್ರನೀಲದ ಗಿರಿಯನ್ನು ನೆನೆದರು. ಉಟ್ಟುದನ್ನೂ ತೊರೆದ ಆ ಮಹಾತಾಯಿಗೆ ಬೆರಳಿಗೊಂದು ನೀಲ ಬೇಕಿರಲಿಲ್ಲ. ಭಾವದಲ್ಲಿ ಏರಿ ನಿಲ್ಲಲು ಇಡೀ ಗಿರಿಯೇ ನೀಲವಾಗಿ ದೊರೆಯಿತು. ಶಿವನನ್ನು ನಾವು ನೀಲಕಂಠನೆಂದು ಕರೆಯುತ್ತೇವೆ. ಆ ನೀಲವು ಆಭರಣದಿಂದ ಬಂದುದಲ್ಲ. ಲೋಕವು ಸುಡದಿರಲೆಂದು ಹಾಲಾಹಲವನ್ನು ತಾನು ಕುಡಿದು, ಕೊರಳಲ್ಲಿ ನಿಲ್ಲಿಸಿಕೊಂಡುದರ ಗುರುತು ಅದು. ಇತರರ ವಿಷವನ್ನು ತಾನು ತಾಳಿಕೊಂಡವನ ಕೊರಳು ನೀಲವಾಯಿತು. ನೀಲ ಎಂಬ ಶಬ್ದಕ್ಕೆ ಇದಕ್ಕಿಂತ ಹಿರಿದಾದ ಅರ್ಥವನ್ನು ಯಾವ ನಿಘಂಟು ಕೊಟ್ಟೀತು? ಮನೆಯ ಕಷ್ಟವೆಂಬ ವಿಷವನ್ನು ಮಕ್ಕಳ ಬಾಯಿಗೆ ಬೀಳದಂತೆ ತಾನು ನುಂಗಿಕೊಂಡು ದುಡಿಯುವ ತಂದೆತಾಯಿಗಳೆಲ್ಲರೂ ಆ ನೀಲಕಂಠನ ಬಳಗದವರೇ.

ಗೃಹಸ್ಥರಿಗೆ ಕೊನೆಯದಾಗಿ ಹೇಳತಕ್ಕದ್ದು ಇಷ್ಟು. ಉಂಗುರವಿದ್ದರೆ ಅದನ್ನು ಒಡವೆಯೆಂದು ಧರಿಸಿರಿ, ಎಸೆಯಬೇಕಾದುದಿಲ್ಲ. ಹಿರಿಯರು ಕೊಟ್ಟುದಾದರೆ ಅವರ ನೆನಪೆಂದು ಇಟ್ಟುಕೊಳ್ಳಿರಿ. ಆದರೆ ಭಯದಿಂದ ಕೊಳ್ಳಬೇಡಿರಿ. ಭಯವು ಬಂದಾಗ ಮೂರು ಪ್ರಶ್ನೆಗಳನ್ನು ನಿಮಗೆ ನೀವೇ ಹಾಕಿಕೊಳ್ಳಿರಿ. ಈ ಹಣವು ಯಾರ ಅನ್ನದ್ದು, ಯಾರ ಓದಿನದ್ದು, ಯಾರ ಔಷಧಿಯದ್ದು? ಇದನ್ನು ಕೊಳ್ಳೆಂದು ಹೇಳುವವನಿಗೆ ಇದರ ಮಾರಾಟದಿಂದ ಲಾಭವಿದೆಯೇ? ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ನೋಡುವಾಗ, ಅದೇ ಕೈಯ ಬೆರಳಿನ ಕಲ್ಲನ್ನು ಹೆಚ್ಚೆಂದು ನಂಬಿರುವೆನೇ? ಈ ಮೂರಕ್ಕೆ ನಿಜವಾದ ಉತ್ತರ ಬಂದ ಮೇಲೆ ಏನು ಮಾಡಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇಂದ್ರನೀಲವೆಂಬ ಹೆಸರು ನೋಟದಿಂದ ಹುಟ್ಟಿತೆಂದು ಮೊದಲೇ ಹೇಳಿದೆನು. ಕಲ್ಲಿನ ನಡುವೆ ಕಾಮನಬಿಲ್ಲನ್ನು ಕಂಡ ಆ ಕಣ್ಣು ನಮಗೂ ಬೇಕು. ಲಿಂಗದೃಷ್ಟಿಯು ನಿಂತ ಕಣ್ಣಿಗೆ ಕತ್ತಲೆಯಂತಹ ದಿನಗಳ ನಡುವೆಯೂ ಬೆಳಕಿನ ಒಂದು ಎಳೆ ಕ್ಷಣಕಾಲವಾದರೂ ಕಾಣದಿರದು. ಆ ದೃಷ್ಟಿಯನ್ನು ಗುರುವು ಕರುಣಿಸಲಿ. ಆ ಬೆಳಕು ನಿಮ್ಮ ಮನೆಯ ಮಕ್ಕಳ ಮೇಲೆ ಬೀಳಲಿ.